ಇಪ್ಪತ್ತೆರಡು ಮಂದಿಯೂ ಪಾಸು

ಮೂರನೇ ರೊಟ್ಟಿ ಹೆಂಚಿನ ಮೇಲೆ ಉಬ್ಬುತ್ತಿತ್ತು. ಅಷ್ಟರಲ್ಲಿ ಫರ್ಸಿ ಕಲ್ಲಿನ ಕಾರ್ಖಾನೆಯಲ್ಲಿ ಆಳುಗಳ ಮೇಲ್ವಿಚಾರಣೆ ಮಾಡುವ ಮುಕಾದಮ ಅಕ್ರಮ್ ಬಾಗಿಲಲ್ಲಿ ನಿಂತು ಪೇಡೆಯ ಡಬ್ಬಿ ಚಾಚಿದ.

“ಬಾಯಿ ಸಿಹಿ ಮಾಡ್ಕೋರಿ ಅಕ್ಕೋರೆ. ನಮ್ಮ ಕಾರ್ಖಾನ್ಯಾಗ ಇಪ್ಪತ್ತೆರಡು ಮಂದೀನೂ ಪಾಸ್!”

“ಯಾವುದರಾಗ?”

“ಯಾವುದರಾಗ ಅಂತೀರಲ್ಲ! ನಿಮ್ಮ ಕಿವಿ ಪರೀಕ್ಷಾದಾಗ!”

ಕಿವಿ ನನ್ನ ಕಸುಬು. ಮೊದಲ ಐದು ವರ್ಷ ಇಲಿಗಳ ಕಿವಿ ನೋಡಿದೆ. ಇಲಿಗಳು ಒಮ್ಮೆಯೂ ನನಗೆ ಸುಳ್ಳು ಹೇಳಲಿಲ್ಲ. ಆಮೇಲೆ ಕಿವಿಯಿಂದ ಮಿದುಳಿಗೆ ಹೋಗುವ ನರಗಳು, ಆಮೇಲೆ ಕಿವಿಗೆ ಹಾಕುವ ಯಂತ್ರಗಳು. ಹದಿನಾರು ವರ್ಷ ಹೀಗೆ ಕಳೆದು, ಕಲ್ಲು ಕೊಯ್ಯುವವರ ಕಿವಿ ಅಳೆಯಲು ನನ್ನೂರು ಶಹಾಬಾದಿಗೇ ಬಂದಿದ್ದೆ.

ನಿನ್ನೆ ರಜೆಯ ದಿನ, ಯಂತ್ರಗಳು ಸುಮ್ಮನಿದ್ದಾಗ, ಕಾರ್ಖಾನೆಯ ಆಫೀಸಿನಲ್ಲಿ ಪರೀಕ್ಷೆ ಮಾಡಿದೆ. ನಾನು ಬಟನ್ ಒತ್ತಬೇಕು, ಅವರಿಗೆ ಸದ್ದು ಕೇಳಿದರೆ ಕೈ ಎತ್ತಬೇಕು. ಸಂಜೆ ಹಾಳೆಗಳನ್ನು ಹರಡಿಕೊಂಡು ನೋಡಿದರೆ, ಮೂವತ್ತು ವರ್ಷ ಯಂತ್ರದ ಪಕ್ಕ ನಿಂತವರ ಕಿವಿಗಳು ಹಸುಗೂಸಿನ ಕಿವಿಯಂತಿದ್ದವು. ಅದನ್ನು ನಂಬಿದರೆ, ಕಿವಿ ಮಂದವಾದವರಿಗೆಲ್ಲ ಕಲ್ಲು ಕೊಯ್ಯುವ ಯಂತ್ರವನ್ನೇ ಔಷಧಿಯೆಂದು ಬರೆದುಕೊಡಬೇಕಿತ್ತು. ಎಲ್ಲರಿಗಿಂತ ಚುರುಕು ಕಿವಿ ಅಲ್ಲೇ ಕಲ್ಲು ಕೊಯ್ಯುವ ನನ್ನ ಅಪ್ಪ ವಿಠೋಬಾನದು. ಪಕ್ಕದಲ್ಲೇ ಕುಕ್ಕರ್ ಕೂಗಿದರೂ ತಲೆ ಎತ್ತದ ಮನುಷ್ಯ!

ನನಗೆ ಆತಂಕವಿದ್ದದ್ದೂ ಅಪ್ಪನದೇ. ಕಿವಿ ಸುಮ್ಮನಾದ ಮೇಲೆ ಮಿದುಳು ಬಹಳ ದಿನ ಕಾಯುವುದಿಲ್ಲ. ಮಾತನ್ನು ಗುರುತಿಸುವುದನ್ನೇ ನಿಧಾನಕ್ಕೆ ಮರೆಯುತ್ತದೆ. ಅಪ್ಪನಿಗೆಂದು ತಂದ ಕಿವಿಯ ಯಂತ್ರ ಎರಡು ವರ್ಷದಿಂದ ಕಪಾಟಿನಲ್ಲಿದೆ. ಅದನ್ನು ಹೊಂದಿಸಲು ಅವನ ಕಿವಿಯ ನಿಜವಾದ ಅಳತೆ ಬೇಕು. “ನನಗೇನಾಗ್ಯಾದ?” ಎಂದು ಅವನು ಎದ್ದು ಹೋಗುತ್ತಾನೆ. ನಿನ್ನೆ ಗೆಳೆಯರ ಜೊತೆ ತಾನಾಗಿಯೇ ಬಂದು ಕುಳಿತಾಗ ನನ್ನ ಕಣ್ಣು ತುಂಬಿತ್ತು.

“ಖರೇ ಹೇಳು ಅಕ್ರಮ್, ಎಲ್ಲಾರೂ ಹ್ಯಾಂಗ ಪಾಸಾದ್ರಿ?”

“ವಿಠೋಬಾ ಕಾಕಾ ಹೇಳಿಕೊಟ್ರು. ನೀವು ಬಟನ್ ಒತ್ತೂಮುಂದ ಹುಬ್ಬು ಏರಸ್ತೀರಿ. ಹುಬ್ಬು ಏರಿತಂದ್ರ ಕೈ ಏರಸೂದು. ಭಾಳ ಸಸಾರ ಬಿಡ್ರಿ.”

ನನ್ನ ಹುಬ್ಬು ಅವರಿಗೆ ಕಾಣುವಂತೆ ನಾನು ಕೂರಬಾರದಿತ್ತು. ಆದರೆ ಮೊದಲು ಬೆನ್ನ ಹಿಂದೆ ಕುಳಿತಾಗ ಹಿರಿಯರೆಲ್ಲ “ಮುಂದ ಬಾರವ್ವ, ಹಿಂದ್ಯಾಕ ಕುಂತಿ?” ಎಂದು ಕತ್ತು ತಿರುಗಿಸಿ ತಿರುಗಿಸಿ ಕರೆದಿದ್ದರು. ನಾನು ಕಾಕಾ, ಮಾವಾ ಎಂದು ಕರೆಯುವವರಿಗೆ ‘ನನಗೆ ಬೆನ್ನು ಮಾಡಿ ಕೂರಿ’ ಎನ್ನಲು ನಾಲಿಗೆ ಬರಲಿಲ್ಲ. ನರ, ಮಿದುಳು, ಯಂತ್ರ ಎಲ್ಲ ಓದಿದವಳು ಮರ್ಯಾದೆಗೆ ಸೋತಿದ್ದೆ.

ಅಪ್ಪ ಅಂಗಳದ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ನಮ್ಮ ತುಟಿ ನೋಡಿಯೇ ಅವನು ಮಾತು ಹಿಡಿಯುವುದು. ಹಾಗಾಗಿ ಎದುರಿಗೆ ಹೋಗಿ ನಿಂತೆ.

“ಅಪ್ಪಾ, ಯಾಕ ಹಿಂಗ ಮಾಡ್ದಿ?”

“ಮತ್ತೇನು ಮಾಡ್ಲಿ ಯವ್ವಾ? ಹುಡುಗರು ನಪಾಸಾದ್ರ ಮಾಸ್ತರರಿಗೇ ಕೆಟ್ಟ ಹೆಸರು. ನಿನ್ನ ಮ್ಯಾಲಿನ ಸಾಹೇಬ್ರು ಬೈಬಾರದು ಅಂತ ನೂರಕ್ಕ ನೂರು ರಿಸಲ್ಟ್ ಕೊಟ್ಟೀವಿ.”



“ಇವತ್ತ ನಿನ್ನ ತಲೀಗಿ ವಾಯರ್ ಹಚ್ಚಿ ಸೀದಾ ಮಿದುಳಿಗೇ ಕೇಳ್ತೀನಿ,” ಎಂದೆ. “ಅದು ನನ್ನ ಹುಬ್ಬು ನೋಡಂಗಿಲ್ಲ.”

“ಪಾಸಾದವ್ರು ಮತ್ತ ಪರೀಕ್ಷಾಕ್ಕ ಕೂಡ್ತಾರೇನು?” ಅಪ್ಪ ಚಹಾ ಸೊರ್ರನೆ ಹೀರಿದ.

“ಕಾಕಾ ಅನ್ನೂದು ಖರೇ ಅದರಿ,” ಎಂದ ಅಕ್ರಮ್, ತಾನೇ ಒಂದು ಪೇಡೆ ಬಾಯಿಗೆ ಹಾಕಿಕೊಂಡು.

ಅರ್ಧ ಹೆಣೆದ ಜಡೆಯ ನನ್ನ ಏಳು ವರ್ಷದ ಮಗಳು ಕರುಣಾ ಒಳಗಿನಿಂದ ಬಂದಳು. ಕೆಲವು ದಿನಗಳಿಂದ ಅವಳು ಅಜ್ಜನ ಮುಂದೆ ಬಾಯಿ ತೆರೆದು, ಏನೋ ಕೇಳಲು ಹೋಗಿ, ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದಳು. ಇವತ್ತು ನನ್ನ ಕಡೆ ನೋಡಲಿಲ್ಲ. ಅಜ್ಜನ ಮೊಣಕಾಲಿಗೆ ಆತು ನಿಂತು, ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಮುತ್ಯಾ, ನನ್ನ ದನಿ ಹ್ಯಾಂಗದ ಅಂತ ನಿನಗ ಗೊತ್ತದೇನು?”