ನೆಗಡಿ ಬೆಕ್ಕಿನ ಹಾಡು

ಬೆಳಗಿನ ವಾರ್ತೆಯ ಕೊನೆಯಲ್ಲಿ ರೇಡಿಯೋದವಳು, "ಕಬ್ಬಿಣ ಬಾಗಿಲು ರಾಕ್ ತಂಡದ ಹಾಡುಗಾರರು ನಿನ್ನೆ ತೀರಿಕೊಂಡರು" ಎಂದಳು. ಆ ತಂಡದ ಹಾಡುಗಾರ ಆಗ ಅರ್ಧ ಗಡ್ಡ ಹೆರೆದುಕೊಂಡು, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ.

ಅವನು ಕತ್ತಿ ಕೆಳಗಿಟ್ಟು ಫೋನಿನ ಕಡೆ ನೋಡಿದ. ತಲೆ ನರೆಯುವವರೆಗೆ ಆ ತಂಡಕ್ಕೆ ಹಾಡಿದವನು ತಾನು. ಈಗ ಊರೆಲ್ಲ ಗಾಬರಿಬಿದ್ದು ವಿಚಾರಿಸುತ್ತದೆ, ಬದುಕಿದ್ದೇನೆ ಎಂದು ಹೇಳಿ ಹೇಳಿ ಬಾಯಿ ನೋಯುತ್ತದೆ ಎಂದುಕೊಂಡ. ಮುಖದ ನೊರೆ ಒಣಗಿತು. ಫೋನು ಮಾತ್ರ ಮಿಸುಕಲಿಲ್ಲ.

"ಒಬ್ರೂ ಕೇಳ್ಲಿಲ್ವಲ್ರೀ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. "ಹೋದೋರು ಯಾರು ಅಂತ ಎಲ್ರಿಗೂ ಗೊತ್ತಾಗಿರುತ್ತೆ ಬಿಡಿ."

ಗೊತ್ತಾಗಿತ್ತು, ಅದೇ ಅವನ ಎದೆಗೆ ಮುಳ್ಳಾದದ್ದು. ಹೋದವನು ಅವನಿಗಿಂತ ಮೊದಲು ತಂಡದಲ್ಲಿದ್ದವನು. ಒಂದೇ ಒಂದು ಹಾಡು ಹಾಡಿ, ಅಪ್ಪನ ಅಂಗಡಿ ನೋಡಿಕೊಳ್ಳಬೇಕೆಂದು ಬಿಟ್ಟುಹೋದ. ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವ ಅಂಗಡಿ. ಆ ಹಾಡು ತಂಡದ ಮೊದಲ ರೆಕಾರ್ಡು. ನೆಗಡಿಯಾದ ಬೆಕ್ಕೊಂದು ಇಲಿಯ ವಾಸನೆ ಸಿಗದೆ ಮನೆಯೆಲ್ಲ ಅಲೆಯುವ ತಮಾಷೆ. ರೆಕಾರ್ಡಿಂಗಿನ ದಿನ ಹಾಡುವವನಿಗೇ ಮೂಗು ಕಟ್ಟಿತ್ತು. ಸ್ಟುಡಿಯೋ ಇನ್ನೊಮ್ಮೆ ಸಿಗುವಂತಿರಲಿಲ್ಲ, ಹಾಗೇ ಹಾಡಿದ. ಮೂಗಿನಲ್ಲಿ ಸಿಕ್ಕಿಕೊಂಡ ಆ ದನಿಗೆ ಜನ ಮರುಳಾದರು.

ಆಮೇಲೆ ತಂಡ ಯುದ್ಧದ ಮೇಲೆ, ಮುಚ್ಚಿದ ಕಾರ್ಖಾನೆಗಳ ಮೇಲೆ, ಸಾವಿನ ಮೇಲೆ ಹಾಡು ಕಟ್ಟಿತು. ಎಲ್ಲಿ ಹೋದರೂ ಹಿಂದಿನ ಸಾಲಿನಿಂದ "ಬೆಕ್ಕು! ಬೆಕ್ಕು!" ಎಂಬ ಕೂಗು. ಗಿಟಾರಿನವನು ನಾಚಿ ತಲೆ ತಗ್ಗಿಸುತ್ತಿದ್ದ. ಕೊನೆಗೆ, ಆ ಹಾಡು ಮಾಡಿದ್ದೇ ತಪ್ಪಾಯಿತು, ಇನ್ನು ಯಾವ ವೇದಿಕೆಯಲ್ಲೂ ಅದನ್ನು ಹಾಡಬಾರದು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಮೊದಲು ಕೈಯೆತ್ತಿದವನು ಇವನು. ಆದರೂ ಒಮ್ಮೆ ತನಗೆ ನೆಗಡಿಯಾದಾಗ ಬಚ್ಚಲಿನ ಬಾಗಿಲು ಹಾಕಿಕೊಂಡು ಅದನ್ನೇ ಹಾಡಿ ನೋಡಿದ್ದ. ಆ ದನಿ ಬರಲಿಲ್ಲ. "ಏನ್ರೀ ಅದು, ನಲ್ಲಿ ಕೆಟ್ಟಿದ್ಯಾ?" ಎಂದು ಹೆಂಡತಿ ಹೊರಗಿನಿಂದ ಕೇಳಿದ್ದಳು.

ಮಧ್ಯಾಹ್ನ ಭಾವಮೈದ ಬಂದ. ತಂಡದಲ್ಲಿ ಡ್ರಮ್ ಬಾರಿಸುವವನು ಅವನೇ.

"ಭಾವ, ಸಂಜೆ ಮಣ್ಣು. ಅವನ ಹೆಂಡ್ತಿ ಹೇಳಿ ಕಳ್ಸಿದಾರೆ. ಬೆಕ್ಕಿನ ಹಾಡು ಹಾಡ್ಬೇಕಂತೆ. ನೀವೇ ಹಾಡ್ಬೇಕಂತೆ."

"ಹಾಡಲ್ಲ ಅಂತ ತೀರ್ಮಾನ ಆಗಿದೆಯಲ್ಲೋ. ಆ ಹಾಡು ಅಂದ್ರೆ ನಾಚ್ಕೆ ನಮಗೆ."

"ನಮಗೆ ನಾಚ್ಕೆ. ನಿಮಗೆ ಹೊಟ್ಟೆಕಿಚ್ಚು. ಆ ಕಿಚ್ಚಲ್ಲಿ ಒಂದು ಚೊಂಬು ನೀರೂ ಕಾಯಲ್ಲ ಭಾವ."

"ಬಾಯಿ ಮುಚ್ಚೋ."

"ಮುಚ್ತೀನಿ. ನೀವು ತೆಗೀರಿ, ಸಾಕು."

ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ತೀರಿಕೊಂಡವನನ್ನು ಮಲಗಿಸಿದ್ದರು. ಸುತ್ತ ಹೊಟ್ಟೆ ಬಿರಿದ ಸೋಫಾಗಳು, ನಾರು, ಸ್ಪ್ರಿಂಗು, ಅಂಟಿನ ವಾಸನೆ. ಬಂದವರು ಅರ್ಧ ಹೊಲಿದ ಕುರ್ಚಿಗಳ ಮೇಲೆಯೇ ಕೂತಿದ್ದರು. ಹಾಡುಗಾರ ಸತ್ತವನ ಹೆಂಡತಿಯ ಪಕ್ಕ ಕೂತು, ಸಮಾಧಾನದ ಎರಡು ಮಾತು ಆಡಿ, ತಡೆಯಲಾರದೆ ಕೇಳಿಯೇಬಿಟ್ಟ:

"ತಂಗೀ, ಅವನು ನನ್ನ ಹಾಡು ಕೇಳ್ತಿದ್ನಾ? ಏನಾದ್ರೂ ಅಂತಿದ್ನಾ?"

"ಸುಳ್ಳು ಯಾಕೆ ಹೇಳ್ಲಿ ಅಣ್ಣ, ಕೇಳ್ತಿರ್ಲಿಲ್ಲ. ಅವ್ರು ತಾವು ಹಾಡಿದ್ದನ್ನೂ ಕೇಳ್ತಿರ್ಲಿಲ್ಲ. ಕೇಳ್ತಿದ್ದದ್ದು ಹವಾಮಾನ ವರದಿ. ಥಂಡಿ ಇದ್ರೆ ಅಂಟು ಒಣಗಲ್ವಲ್ಲ, ಅದಕ್ಕೆ. ಈಗ ಹಾಡು ಬೇಕಾಗಿರೋದು ನನಗೆ."

ಬೈಯುತ್ತಿದ್ದನೆಂದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಇಷ್ಟು ಕಾಲ ತಾನು ಜಗ್ಗಾಡಿದ ಹಗ್ಗದ ಇನ್ನೊಂದು ತುದಿಯನ್ನು ಯಾರೂ ಹಿಡಿದೇ ಇರಲಿಲ್ಲ. ಎಂಥ ನಿಶ್ಚಿಂತೆಯಿಂದ ಬದುಕಿದ್ದ ಪುಣ್ಯಾತ್ಮ! ಆ ನಿಶ್ಚಿಂತೆಯ ಮೇಲೂ ಅವನ ಹೊಟ್ಟೆ ಉರಿಯಿತು.

ಭಾವಮೈದ ಒಂದು ಕುರ್ಚಿಯ ಬರಿ ಹಲಗೆಯ ಮೇಲೆ ಅಂಗೈಯಿಂದ ತಾಳ ಹಿಡಿದ. ಹಾಡುಗಾರ ಎದ್ದು ನಿಂತು, ಮೈಕಿಲ್ಲದೆ ಬಯಲು ತುಂಬುವ ತನ್ನ ತೆರೆದ ಗಂಟಲಿನಲ್ಲಿ ಹಾಡತೊಡಗಿದ. ಎರಡನೆಯ ಸಾಲಿಗೇ ಕೂತಿದ್ದವರೆಲ್ಲ ದನಿಗೂಡಿಸಿದರು, ಎಲ್ಲರೂ ಮೂಗಿನಲ್ಲಿ. ಹೊಲಿಗೆಯವರು, ಎದುರುಮನೆಯ ಅಜ್ಜಿ, ಕೊನೆಗೆ ಅಳುತ್ತಲೇ ನಗುತ್ತ ಅವಳೂ. ನೆಟ್ಟಗೆ ಹಾಡುತ್ತಿದ್ದವನು ಅವನೊಬ್ಬನೇ, ಮದುವೆಮನೆಗೆ ಕರೆಯದೆ ಬಂದವನ ಹಾಗೆ. ದನಿ ಏರಿಸಿದ್ದರೆ ಅವರನ್ನೆಲ್ಲ ಮುಳುಗಿಸಬಹುದಿತ್ತು. ಏರಿಸಬೇಕೆಂದು ಗಂಟಲು ತುಡಿಯಿತು ಕೂಡ. ಅವಳ ಮುಖ ನೋಡಿದ; ದನಿ ಇಳಿಸಿದ; ಕೊನೆಯ ನುಡಿಗೆ ಪೂರಾ ನಿಲ್ಲಿಸಿದ. ಹಾಡು ಅವನಿಲ್ಲದೆಯೇ ಮುಗಿಯಿತು.

ಮಣ್ಣು ಮುಚ್ಚುವಾಗ ಅವನು ಕಣ್ಣು ಮುಚ್ಚಿ ಕೈಮುಗಿದ. ಮೊದಲು ಮನಸ್ಸಿಗೆ ಬಂದದ್ದು, ತಾನು ಹೋದ ದಿನ ಹೀಗೆ ಹಾಡುವವರು ಯಾರಿದ್ದಾರೆ ಎಂಬುದು. ಇದೆಂಥ ಪ್ರಾರ್ಥನೆ ಎಂದು ತನಗೇ ಅಸಹ್ಯವಾಗಿ, ಮತ್ತೆ ಮೊದಲಿನಿಂದ ಶುರುಮಾಡಿದ:

"ದೇವರೇ, ಇವನು ಬದುಕಿದ್ದಾಗ ನಾನು ಇವನಿಗೆ ಒಳ್ಳೆಯದನ್ನು ಬಯಸಲಿಲ್ಲ. ಈಗ ಬಯಸುತ್ತಿದ್ದೇನೆ, ಆದರೆ ಮನಸ್ಸು ಇನ್ನೂ ಪೂರ್ತಿ ಬರುತ್ತಿಲ್ಲ. ಬೇಡುವ ನನ್ನ ಕೊರತೆಗಾಗಿ ಇವನಿಗೆ ಕಡಿಮೆ ಮಾಡಬೇಡ, ತಂದೆ. ಇವನನ್ನು ನಿನ್ನ ನೆರಳಿಗೆ ಕರೆದುಕೋ. ಇವನ ಆತ್ಮಕ್ಕೆ ತಂಪು ಕೊಡು, ಶಾಂತಿ ಕೊಡು."