ವೇಬ್ರಿಡ್ಜ್ ಮೇಲೆ ಮದುವೆ

"ಏಯ್ ಗಂಡುಬೀರಿ, ದಿನ ತುಂಬಿದ ಬಸುರಿ ಹತ್ತಿದಂಗೆ ಹತ್ತತೀಯಲ್ಲೇ. ಬಿರಬಿರ್‍ನೆ ಹತ್ತು, ಮುಂಡೇದೆ."

ಮೇಸ್ತ್ರಿ ಎಲಿಸೆಯೊ ಕೂಗಿದ್ದು ಡಾಮಿಯಾನಾಳಿಗೆ. ಅವಳು ಹೆಗಲ ಮೇಲೆ ಕಬ್ಬಿನ ಹೊರೆ ಹೊತ್ತು, ಲಾರಿಗೆ ಆನಿಸಿದ್ದ ಹಲಗೆಯ ಮೇಲೆ ಬರಿಗಾಲಲ್ಲಿ ಹತ್ತುತ್ತಿದ್ದಳು. ಕತ್ತರಿಸಿದ ಕ್ರಾಪು, ಸತ್ತುಹೋದ ಅಣ್ಣನ ಪ್ಯಾಂಟು. ನೆಗ್ರೋಸ್ ದ್ವೀಪದ ಆ ಕಬ್ಬಿನ ತೋಟದಲ್ಲಿ ಅವಳಷ್ಟು ಹೊರೆ ಹೊರುವ ಗಂಡಸು ಇರಲಿಲ್ಲ.

ಹೊರೆಯನ್ನು ಲಾರಿಯೊಳಕ್ಕೆ ಎಸೆದು ಅವಳು ಸೊಂಟ ನೆಟ್ಟಗೆ ಮಾಡಿದಳು. "ಬಸುರಿ ಆಗೋದೆಂಗೆ ಅಂತ ನಿನ್ ಹೆಂಡ್ರನ್ನೇ ಕೇಳ್ದೆ ಮೇಸ್ತ್ರಿ. ಎಲಿಸೆಯೊನ ಮಾತ್ರ ಕೇಳ್ಬೇಡ, ಅವ್ನಿಗೆ ಗೊತ್ತಿಲ್ಲ ಅಂದ್ಳು."

ಕಬ್ಬು ಕಡಿಯುತ್ತಿದ್ದವರೆಲ್ಲ ಮಚ್ಚು ನೆಲಕ್ಕೂರಿ ನಕ್ಕರು. ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯಾಯಿತು.

"ನಗು, ಚೆನ್ನಾಗಿ ನಗು. ಶನಿವಾರ ಹೊಸ ಟ್ರ್ಯಾಕ್ಟರ್ ಡ್ರೈವರ್ ಬತ್ತಾವ್ನೆ, ಹೆಂಡ್ರು ಮಕ್ಳ ಕಟ್ಕೊಂಡು. ನಿಮ್ಮನೆ ಅವನ್ಗೆ. ನೀನೂ ಆ ನಿನ್ ಅಡೆಲ್ಫಾನೂ ಒಂಟಿ ಹೆಂಗಸ್ರ ಕೊಟ್ಗೇಗೆ ಹೋಗಿ. ನೀನು ಆ ಮೂಲೆ, ಅವ್ಳು ಈ ಮೂಲೆ."

ಆಮೇಲೆ ಯಾರೂ ನಗಲಿಲ್ಲ.

ಆ ಮನೆ ಅಡೆಲ್ಫಾಳ ಅಪ್ಪನದು. ಅಂದರೆ ಧಣಿಯದೇ, ತೋಟದಲ್ಲಿ ಗೇಯುವವರೆಗೆ ಅಪ್ಪನದು. ಇಬ್ಬರೂ ವರ್ಷಗಟ್ಟಲೆ ಅಲ್ಲಿ ಒಂದೇ ಸೊಳ್ಳೆಪರದೆಯಡಿ ಮಲಗಿ ಎದ್ದಿದ್ದರು. ಹಾಸಿಗೆ ಹಿಡಿದ ಮುದುಕನ ಹೇಲು ಉಚ್ಚೆ ಬಾಚಿದವಳು ಡಾಮಿಯಾನಾ. ಹೋದ ಮಳೆಗಾಲದಲ್ಲಿ ಅವನು ಸತ್ತಾಗ ಗುಂಡಿ ತೋಡಿದವಳೂ ಅವಳೇ.

ಸಂಜೆ ಇಬ್ಬರೂ ಧಣಿ ಡಾನ್ ಆಂಬ್ರೋಸ್ಯೊನ ಬಂಗಲೆಗೆ ಹೋದರು. ಅವನು ನೆಂಟರ ಜೊತೆ ಜಗುಲಿಯಲ್ಲಿ ಕೂತು, ತೊಡೆಯ ಮೇಲೆ ಕಾಳಗದ ಹುಂಜವನ್ನಿಟ್ಟುಕೊಂಡು ಅದಕ್ಕೆ ಕೈಯಾರೆ ಕಾಳು ತಿನ್ನಿಸುತ್ತಿದ್ದ.

"ಹುಂಜಾನೋ ಹೇಂಟೆನೋ ಅಂತ ಬಾಲ ಎತ್ತಿ ನೋಡಿ ಹೇಳಬಹುದು," ಎಂದು ನೆಂಟರ ಕಡೆ ತಿರುಗಿದ. "ಇದನ್ನ ಏನೆತ್ತಿ ನೋಡೋದು? ಎಲಿಸೆಯೊ, ಒಂದು ಗುಂಡಿ ಬಿಚ್ಚು ನೋಡೋಣ."

ಜಗುಲಿಯ ಕಂಬಕ್ಕೊರಗಿ ನಿಂತಿದ್ದ ಮೇಸ್ತ್ರಿ ಬಂದು ಡಾಮಿಯಾನಾಳ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಹೊಲದಲ್ಲಿ ಅವನ ಬಾಯಿ ಮುಚ್ಚಿಸಿದವಳು ಇಲ್ಲಿ ಟೋಪಿಯನ್ನು ಎದೆಗವಚಿಕೊಂಡು ನೆಲ ನೋಡುತ್ತ ನಿಂತುಬಿಟ್ಟಳು. ಧಣಿಯ ಮುಂದೆ ಅವಳಿಗೆ ಯಾವತ್ತೂ ನಾಲಿಗೆ ಏಳುತ್ತಿರಲಿಲ್ಲ. ಎರಡನೇ ಗುಂಡಿಗೆ ಬಂದ ಕೈಯನ್ನು ಅಡೆಲ್ಫಾ ಫಟ್ಟನೆ ಬಡಿದು ತಳ್ಳಿದಳು.

"ಮನೆ ಕೇಳೋಕ್ ಬಂದಿದೀವಿ ಧಣಿ."

"ಮನೆ ಸಂಸಾರಸ್ಥರಿಗೆ ಕಣಮ್ಮ. ಮದುವೆ ಆಗಿ ಬನ್ನಿ, ಕೊಡ್ತೀನಿ."

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಂಗಲೆ ಮರೆಯಾದ ಮೇಲೆ ಅಡೆಲ್ಫಾಳಿಗೆ ನಗು ಉಕ್ಕಿಕೊಂಡು ಬಂತು. ಕಾಲುವೆಯ ದಂಡೆಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಯಾಕೆ, ತಲೆ ಗಿಲೆ ಕೆಟ್ಟೋಯ್ತಾ?" ಎಂದಳು ಡಾಮಿಯಾನಾ.

"ಧಣಿಯೋರು ಏನಂದ್ರು? ಮದ್ವೆ ಆಗಿ ಬನ್ನಿ ಅಂದ್ರು. ಅಷ್ಟು ಜನ ನೆಂಟ್ರ ಮುಂದೆ ಅಂದ್ರು. ನಂಗೆ ಕಿವಿ ನೆಟ್ಟಗೇ ಕೇಳಿಸ್ತದೆ ಕಣೆ."

ಮಾರನೆಯ ದಿನ ತೋಟದ ಇಗರ್ಜಿಗೆ ಹೋದರು. ಪಾದ್ರಿ ಬಾಗಿಲನ್ನು ಅರ್ಧ ಮಾತ್ರ ತೆರೆದ.

"ಇಬ್ಬರು ಹೆಂಗಸರ ತಲೆ ಮೇಲೆ ಇಟ್ಟರೆ ಈ ಕೈ ಕೊಳೆತು ಹೋಗುತ್ತೆ."

"ಧಣಿಯೋರ ಹುಂಜದ ತಲೆ ಮೇಲೆ ಇಟ್ಟಿದ್ರಲ್ಲ ಸ್ವಾಮಿ, ಗೆಲ್ಲಲಿ ಅಂತ. ಆವಾಗ ಕೊಳೀಲಿಲ್ವಲ್ಲ," ಎಂದಳು ಅಡೆಲ್ಫಾ. ಬಾಗಿಲು ಪೂರ್ತಿ ಮುಚ್ಚಿಕೊಂಡಿತು.

ದಾರಿ ತೋರಿಸಿದವಳು ಒಸ್ಕಾರಿಟಾ. ಅಪ್ಪ ಅಮ್ಮ ಇಟ್ಟ ಹೆಸರು ಒಸ್ಕಾರ್. ಹಾಗೆ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಊರ ಹೆಂಗಸರಿಗೆಲ್ಲ ಕೂದಲು ಕತ್ತರಿಸಿ, ಉಗುರಿಗೆ ಬಣ್ಣ ಹಚ್ಚಿ, ಸತ್ತವರಿಗೂ ಸಿಂಗಾರ ಮಾಡಿ ಬದುಕುತ್ತಿದ್ದಳು.

"ಇಗರ್ಜಿ ಬಾಗ್ಲು ಹಾಕ್ಕಂಡ್ರೆ ಹಾಕ್ಕೊಳ್ಳಿ ಬುಡ್ರೆ," ಎಂದಳು. "ಅದಕ್ಕಿಂತ ಗಟ್ಟಿ ನೆಲ, ಮ್ಯಾಲೆ ತಗಡು, ಬಾಗ್ಲೇ ಇಲ್ದಿರೋ ಜಾಗ ಒಂದೈತೆ. ಮಂತ್ರ ನಾನು ಹೇಳ್ತೀನಿ. ಪಾದ್ರಿಗಿಂತ ನನ್ ನಿಲುವಂಗಿ ಚೆನ್ನಾಗೈತೆ."

ಶನಿವಾರ ಬೆಳಿಗ್ಗೆ ಅವರು ತೋಟದ, ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಮದುವೆ ಹೂಡಿದರು.

ಕಬ್ಬು ಅರೆಯುವ ಕಾಲ. ಆ ಸೀಮೆಯ ಅಷ್ಟೂ ಕಬ್ಬು ಆ ಕಬ್ಬಿಣದ ಹಾಸಿನ ಮೇಲೆ ತೂಗಿಸಿಕೊಂಡೇ ಕಾರ್ಖಾನೆಗೆ ಹೋಗಬೇಕು. ಅಡೆಲ್ಫಾ ಸೊಳ್ಳೆಪರದೆಯನ್ನು ಮುಸುಕು ಹಾಕಿಕೊಂಡು, ಕೈಯಲ್ಲಿ ಕಬ್ಬಿನ ಸೂಲಂಗಿ ಹೂವಿನ ಗೊಂಚಲು ಹಿಡಿದು ಬಂದಳು. ಡಾಮಿಯಾನಾ ಯಾರದೋ ಬಿಳಿ ಜುಬ್ಬಾ ಕೇಳಿ ತಂದು ತೊಟ್ಟಿದ್ದಳು. ತೋಳು ಗಿಡ್ಡವಾಗಿ ಕೂಲಿಯವಳ ಮಣಿಕಟ್ಟು ಹೊರಗೇ ಇತ್ತು. ಹೆಂಗಸರು ಶಾವಿಗೆಯ ಹಂಡೆ ಹೊತ್ತು ತಂದರು. ಒಬ್ಬ ಗಿಟಾರು ಮೀಟಿದ. ಒಸ್ಕಾರಿಟಾ ಕೆಂಪು ಗೌನು ತೊಟ್ಟು, ಲಾರಿಯ ಹಗ್ಗವನ್ನು ಇಬ್ಬರ ಹೆಗಲಿಗೂ ಸುತ್ತಿ ಗಂಟು ಹಾಕಿದಳು.

"ಇವ್ಳು ಗೊರಕೆ ಹೊಡೀತಾಳೆ ಅಂತ ಗೊತ್ತಿದ್ದೂ ಒಪ್ಕೊಂಡಿದೀಯಾ?"

"ಒಪ್ಕೊಂಡಿದೀನಿ," ಎಂದಳು ಅಡೆಲ್ಫಾ.

"ಇವ್ಳು ಅನ್ನ ಸೀಯಿಸ್ತಾಳೆ ಅಂತ ಗೊತ್ತಿದ್ದೂ?"

"ಹೂಂ ಕಣೆ, ಬಿರ್‍ನೆ ಮುಗ್ಸು. ಲಾರಿ ನಿಂತವೆ," ಎಂದಳು ಡಾಮಿಯಾನಾ.

ಲಾರಿಗಳು ನಿಂತಿದ್ದವು, ರಸ್ತೆಯ ತಿರುವು ದಾಟಿ. ಮೊದಲು ಸಿಟ್ಟಿನಿಂದ ಹಾರ್ನ್ ಒತ್ತಿದರು. ಏನು ನಡೆದಿದೆ ಎಂದು ಬಾಯಿಂದ ಬಾಯಿಗೆ ತಿಳಿಯುತ್ತಿದ್ದಂತೆ ಹಾರ್ನುಗಳು ಗಿಟಾರಿನ ತಾಳಕ್ಕೆ ಬಂದವು. ಡ್ರೈವರುಗಳು ಇಳಿದು ಬಂದು ತಟ್ಟೆ ಹಿಡಿದರು. ಕುಣಿತ ಶುರುವಾಯಿತು. ನೂರಾರು ಕಾಲು ಬಿದ್ದು ಕಬ್ಬಿಣದ ಹಾಸು ತಮಟೆಯಂತೆ ಬಡಿದುಕೊಂಡಿತು. ಪಕ್ಕದ ಗೂಡಿನೊಳಗಿನ ತೂಕದ ಮುಳ್ಳು ಹುಚ್ಚು ಹಿಡಿದಂತೆ ಅತ್ತಿತ್ತ ಓಡಿತು. ಡಾಮಿಯಾನಾಳಿಗೆ ನೆಲ ಎಲ್ಲಿದೆ ಎಂದೇ ತಿಳಿಯಲಿಲ್ಲ. ಕುಡಿಯದೆಯೇ ತಲೆ ತಿರುಗುತ್ತಿತ್ತು.

ಮೇಸ್ತ್ರಿ ಎಲಿಸೆಯೊ ಮೋಟರ್‌ಬೈಕಿನಲ್ಲಿ ಬಂದ. "ಇಳೀರೇ ಸೂಳೇರಾ," ಎಂದು ನುಗ್ಗಿದವನು ಶಾವಿಗೆ ಹಂಡೆಯ ಹತ್ತಿರ ಗಕ್ಕನೆ ನಿಂತ. ಸೌಟು ಹಿಡಿದಿದ್ದವಳು ಅವನ ಹೆಂಡತಿ.

"ನೀನ್ಯಾಕ್ ಬಂದೆ ಇಲ್ಲಿಗೆ?"

"ಬಡಿಸೋಕೆ. ಈ ಮದ್ವೇಲಿ ಹುಡ್ಗೀನ ಕೇಳಿ ಮಾಡ್ತಾವ್ರಂತೆ, ನೋಡೋವ ಅಂತ ಬಂದೆ. ಉಣ್ಣೋದಾದ್ರೆ ತಟ್ಟೆ ತಗೋ, ಇಲ್ದಿದ್ರೆ ದಾರಿ ಬುಡು, ಹಿಂದೆ ಜನ ನಿಂತವ್ರೆ."

ಕೊನೆಗೆ ಧಣಿಯ ಜೀಪು ಬಂತು. ಕಬ್ಬು ಬರದೆ ಮಿಲ್ಲು ನಿಲ್ಲುತ್ತೆ ಎಂದು ಕಾರ್ಖಾನೆಯಿಂದ ಫೋನಿನ ಮೇಲೆ ಫೋನು. ಗಿಟಾರು ನಿಂತಿತು. ಅಡೆಲ್ಫಾ ಮುಸುಕು ಸರಿಪಡಿಸಿಕೊಂಡು ಮುಂದೆ ಬಂದಳು. ಹಗ್ಗದ ಗಂಟಿನಿಂದಾಗಿ ಡಾಮಿಯಾನಾಳೂ ಬರಲೇಬೇಕಾಯಿತು.

"ಮದ್ವೆ ಆಗಿ ಬನ್ನಿ ಅಂದಿದ್ರಿ ಧಣಿ. ನಾವೇ ಬರೋರಿದ್ವಿ. ನೀವೇ ಬಂದ್ರಿ."

ಡಾನ್ ಆಂಬ್ರೋಸ್ಯೊ ಸಾಲುಗಟ್ಟಿದ ಲಾರಿಗಳನ್ನು ನೋಡಿದ. ಬಿಸಿಲಿಗೆ ಕಬ್ಬು ಆಗಲೇ ಹುಳಿ ವಾಸನೆ ಹೊಡೆಯುತ್ತಿತ್ತು. ಅವನು ಕಷ್ಟಪಟ್ಟು ನಕ್ಕ.

"ಸರಿ, ಕೊಟ್ಟೆ ಮನೆ. ಆದರೆ ಮನೆ ಯಾವಾಗಲೂ ಗಂಡನ ಹೆಸರಿಗೆ. ನಿಮ್ಮಲ್ಲಿ ಗಂಡ ಯಾರು? ನಾನೇ ಗಂಡ ಅಂತ ಡಾಮಿಯಾನಾ ಎಲ್ಲರ ಮುಂದೆ ಹೇಳಿ ಇಳೀಲಿ. ಮನೆ ನಿಮ್ಮದು."

ಒಂದು ಮಾತು. ದಿನಾ ಹೊಲದಲ್ಲಿ ಈ ಜನರೇ ಅವಳಿಗೆ ತಮಾಷೆಗೆ ಅನ್ನುತ್ತಿದ್ದ ಮಾತು. "ಅಂದ್ಬುಡೇ, ಗಂಟೇನ್ ಹೋಯ್ತದೆ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಡಾಮಿಯಾನಾ ಅಡೆಲ್ಫಾಳ ಕಡೆ ನೋಡಿದಳು. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪರದೆಯೊಳಗೆ ಅವಳ ಮೂಗಿನ ತುದಿ ಬೆವರುತ್ತಿತ್ತು, ಅಷ್ಟೇ.

ಡಾಮಿಯಾನಾ ಮೊಟ್ಟಮೊದಲ ಬಾರಿಗೆ ಧಣಿಯ ಕಣ್ಣನ್ನೇ ನೋಡಿದಳು. ಆ ಕಣ್ಣು ಇಷ್ಟು ಸಣ್ಣವು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ನಗು ಬಂತು.

"ಗಂಡ ಯಾರೂ ಇಲ್ಲ ಧಣಿ. ನಾನೂ ಹೆಂಗ್ಸು, ಇವ್ಳೂ ಹೆಂಗ್ಸು. ಬರ್‍ಯೋದಾದ್ರೆ ಇಬ್ರ ಹೆಸ್ರೂ ಬರೀರಿ."

"ಪೊಲೀಸರನ್ನ ಕರೆಸ್ತೀನಿ."

"ಕರೆಸಿ. ಶಾವಿಗೆ ಇನ್ನೂ ಐತೆ."

ಅಷ್ಟು ಹೇಳಿ ಅವಳು ಕಾದ ಕಬ್ಬಿಣದ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹಗ್ಗ ಎಳೆದು ಅಡೆಲ್ಫಾಳೂ ಪಕ್ಕದಲ್ಲಿ ಕುಸಿದಳು, ಬಿದ್ದೂ ಬಿದ್ದೂ ನಗುತ್ತ. ಆಮೇಲೆ ಸೌಟು ಹಿಡಿದ ಮೇಸ್ತ್ರಿಯ ಹೆಂಡತಿ. ಕೆಂಪು ಗೌನಿನ ನಿರಿಗೆ ಎತ್ತಿಕೊಂಡು ಒಸ್ಕಾರಿಟಾ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರೂ ಕೂತರು.

ಜೀಪು ಧೂಳೆಬ್ಬಿಸಿ ಠಾಣೆಯ ಕಡೆ ಹೋಯಿತು. ಗಿಟಾರು ಮತ್ತೆ ಶುರುವಾಯಿತು. ದೂರದಲ್ಲಿ ಕಾರ್ಖಾನೆಯ ಚಿಮಣಿಯ ಹೊಗೆ ತೆಳುವಾಗುತ್ತ, ಎಳೆಯಷ್ಟಾಗಿ, ನಿಂತುಹೋಯಿತು.