ಯಜಮಾನನ ಕಲ್ಲುಗಳು

“ಮೀನಿಂದ ಮಾತ್ರ ಶುರು ಮಾಡಬೇಡಿ, ದಮ್ಮಯ್ಯ. ಓದೋರು ರೂಪಕ ಅಂದ್ಕೊಂಡ್ಬಿಡ್ತಾರೆ,” ಅಂದಳು ಕನ್ನಡಕದಂಗಡಿಯಾಕೆ.

ಮತ್ತೆಲ್ಲಿಂದ ಶುರು ಮಾಡಲಿ, ತಾಯಿ? ಮದುವೆಯಿಂದ ಮಾಡಿದರೆ ಇನ್ನೂ ಕಷ್ಟ. ಮೀನೇ ವಾಸಿ.

೧
ಕನ್ನಡಕದಂಗಡಿಯಾಕೆ ಎರಡನೇ ಹೆಂಡತಿಯಾಗಿ ಗಂಡನ ಮನೆಗೆ ಬಂದಾಗ ಅವಳ ಜೊತೆ ಬಂದದ್ದು ಒಂದಿಷ್ಟು ಬಟ್ಟೆಬರೆ ಮತ್ತು ನಿಂಬೆ. ನಿಂಬೆ ಅಂದರೆ ಅಂಗಡಿಯ ಪುಟ್ಟ ಉಪ್ಪುನೀರಿನ ತೊಟ್ಟಿಯಲ್ಲಿ ಅವಳು ವರ್ಷಗಟ್ಟಲೆ ಸಾಕಿದ ಹಳದಿ ಟ್ಯಾಂಗ್, ಒಂದು ಜಾತಿಯ ಕಡಲ ಮೀನು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನ ಮನೆಯ ಹಾಲ್‌ನಲ್ಲಿ ಗೋಡೆಯುದ್ದದ ಅಕ್ವೇರಿಯಂ, ತೀರಿಹೋದ ಮೊದಲ ಹೆಂಡತಿ ಕಲ್ಲು ಕಲ್ಲು ಜೋಡಿಸಿ ಕಟ್ಟಿದ್ದು. ಅದರೊಳಗೆ ಆಕೆಯದೇ ನೇರಳೆ ಟ್ಯಾಂಗ್. ಮನೆಯಲ್ಲಿ ಕರೆಯುವುದು ಯಜಮಾನ ಅಂತ.

ಈ ಜಾತಿಯ ಮೀನಿಗೆ ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳು. ಒಂದೇ ಆಕಾರದ ಇನ್ನೊಂದನ್ನು ಕಂಡರೆ ಮೈಯೆಲ್ಲ ಉರಿ. ಬಂದ ದಿನವೇ ಆ ಅಕ್ವೇರಿಯಂಗೆ ಬಿಟ್ಟ ನಿಂಬೆಯ ರೆಕ್ಕೆ ಚಿಂದಿಯಾಯಿತು. ಪಂಪಿನ ಹಿಂದೆ ಸೇರಿಕೊಂಡದ್ದು ತಿನ್ನಲಿಕ್ಕೂ ಹೊರಬರಲಿಲ್ಲ.

(‘ಓಹೋ, ಹೊಸ ಹೆಂಡತಿ, ಹೊಸ ಮೀನು!’ ಅಂತ ತಲೆದೂಗಬೇಡಿ. ಆಕೆ ಕಥೆ ಬಿಟ್ಟು ಎದ್ದು ಹೋಗುತ್ತಾಳಂತೆ.)

೨
(ಹರಿದು ಹಾಕಿದೆ. ಅದರಲ್ಲಿ ಒಬ್ಬ ನಾದಿನಿ ಬಂದು ಉಪದೇಶ ಕೊಡುತ್ತಿದ್ದಳು. ಯಾರು ಕರೆದಿದ್ದರೋ!)

೨, ಇನ್ನೊಮ್ಮೆ
ಗಿರಾಕಿಗಳು ಮುಖ ನೋಡಿಕೊಳ್ಳುವ ಕೌಂಟರ್ ಕನ್ನಡಿಯನ್ನು ಅಂಗಡಿಯಿಂದ ತಂದು ಅವಳು ಅಕ್ವೇರಿಯಂ ಗಾಜಿಗೆ ಒರಗಿಸಿಟ್ಟಳು. ಯಜಮಾನ ತನ್ನ ಮೇಲೆ ತಾನೇ ಯುದ್ಧ ಸಾರಿ ಸುಸ್ತಾದ. ಕನ್ನಡಿ ತೆಗೆದ ಮೇಲೆ ಮತ್ತೆ ಅದೇ ಕಥೆ.

“ಪುಂಡನ್ನ ಹಿಡಿದು ಬೇರೆ ಇಡಿ, ಮೇಡಂ. ಕಲ್ಲೆಲ್ಲ ಅದಲುಬದಲು ಮಾಡಿ,” ಅಂದ ಮೀನಂಗಡಿಯವನು ಫೋನಿನಲ್ಲಿ. “ವಾಪಸ್ ಬಿಟ್ಟಾಗ ತನ್ನ ಮನೆ ಯಾವುದೂಂತ ಅದಕ್ಕೇ ಗೊತ್ತಾಗಬಾರದು.”

ಹಾಗೇ ಮಾಡಿದಳು. ವಾಪಸ್ ಬಂದ ಯಜಮಾನ ವಿಳಾಸ ತಪ್ಪಿದವನಂತೆ ಮೂಲೆ ಹಿಡಿದ. ನಿಂಬೆ ಹೊರಬಂದು ತಿಂದಿತು.

ಮರುದಿನ ಅಂಗಡಿಯಿಂದ ಬಂದು ನೋಡಿದರೆ ಕಲ್ಲುಗಳೆಲ್ಲ ಹಳೇ ಜಾಗದಲ್ಲಿ! ಕಮಾನು ಕಲ್ಲು ಕಮಾನಿನಲ್ಲಿ, ಅದರ ಕೆಳಗೆ ಯಜಮಾನ. ನಿಂಬೆ ಪಂಪಿನ ಹಿಂದೆ, ಒಂದು ಕಣ್ಣು ಮಂಜಾಗಿ.

೩
“ನೀವೇ ಇಟ್ರಾ?” ಅಂದಳು ಗಂಡನಿಗೆ.

“ಕೈ ತಾನಾಗೇ ಹೋಯ್ತು ಕಣೇ. ಹಾಲ್‌ಗೆ ಬಂದ್ರೆ ಬೇರೆ ಯಾರದೋ ಮನೆಗೆ ಬಂದಂಗಾಯ್ತು.”

“ನಂಗೆ ದಿನಾ ಹಂಗೇ ಆಗತ್ತೆ.”

(ಇದನ್ನು ನಾನು ಬರೆದದ್ದಲ್ಲ. ರೂಪಕ ಬೇಡ ಅಂದವಳ ಬಾಯಿಂದಲೇ ಬಂತು.)

“ಆ ಕಮಾನು ಅವಳೇ ಕೂರಿಸಿದ್ದು...”

“ಅವಳ ಫೋಟೋ ತೆಗೀರಿ ಅಂದಿದೀನಾ ಯಾವತ್ತಾದ್ರೂ? ನಿಂಬೆಗೆ ಉಸಿರಾಡೋಷ್ಟು ಜಾಗ ಕೇಳ್ತಿದೀನಿ. ಆಗಲ್ಲಾಂದ್ರೆ ಹೇಳಿ, ನಾಳೆ ನಾವಿಬ್ರೂ ಹೊರಡ್ತೀವಿ.”

“ಇಬ್ರು ಅಂದ್ರೆ?”

“ನಾನು, ನಿಂಬೆ.”

೪
ಇಲ್ಲಿ ನನಗೆ ಕೈಕಾಲು ಆಡುತ್ತಿಲ್ಲ. ಅಂತ್ಯಗಳಿವೆ, ಆರಿಸಿಕೊಳ್ಳಿ.

ಅ: ಬೆಳಗಾಗುವಷ್ಟರಲ್ಲಿ ನಿಂಬೆ ಸತ್ತು ತೇಲುತ್ತದೆ. (“ಅದನ್ನ ಮುಟ್ಟಿದ್ರೆ ಜೋಕೆ,” ಅಂದಳು ನನಗೆ.)

ಆ: ಎರಡೂ ರಾಜಿಯಾಗಿ ಜೋಡಿಯಾಗಿ ಈಜುತ್ತವೆ. (“ನೀವು ಮೀನು ಸಾಕಿದೀರಾ, ಸಾರ್?” ಅಂದ ಮೆಕ್ಯಾನಿಕ್. ಇಲ್ಲಪ್ಪ.)

ಇ: ಯಜಮಾನನನ್ನು ಯಾರಿಗಾದರೂ ಕೊಟ್ಟುಬಿಡುವುದು. (“ಛೆ!” ಅಂದರು ಇಬ್ಬರೂ ಒಟ್ಟಿಗೆ. ಸಂಜೆಯಿಂದ ಅವರಿಬ್ಬರೂ ಒಪ್ಪಿದ್ದು ಇದೊಂದನ್ನೇ.)

ಓದುಗರೇ, ಕಮಾನು ಕದಲಿತೇ, ಅವಳು ಉಳಿದಳೇ ಅಂತ ಕೇಳುತ್ತೀರಿ. ನಾನೂ ಕೇಳುತ್ತಿದ್ದೇನೆ. ಒಂದು ವೇಳೆ...

“ನೀವು ಸ್ವಲ್ಪ ಸುಮ್ನಿರ್ತೀರಾ?” ಅಂದ ಅವನು ನನಗೆ.

ಇರ್ತೀನಿ.

ಅವನು ವಾಚು ಬಿಚ್ಚಿಟ್ಟು, ಅಂಗಿಯ ತೋಳು ಮಡಿಸಿ, ನೀರಿಗೆ ಭುಜದವರೆಗೆ ಕೈ ಇಳಿಸಿ ಕಮಾನು ಕಲ್ಲನ್ನು ಕದಲಿಸಲು ಹಿಡಿದ. ಯಜಮಾನ ಸರ್ರನೆ ತಿರುಗಿ ಬಾಲದಿಂದ ಬೆರಳಗಂಟುಗಳ ಮೇಲೆ ಗೀರಿದ. ಕೆಂಪು ಎಳೆಯೊಂದು ನೀರಿನಲ್ಲಿ ಮೇಲಕ್ಕೆದ್ದಿತು. ಅವನು ಹಿಡಿತ ಬಿಡಲಿಲ್ಲ.